ಚಸ್ಮಾ ಇಲ್ಲದೆ ಹಾಕಿದ ಸಹಿ

ಮಾನ್ಯ ಸಂಪಾದಕರೇ,

ನಮ್ಮ ಕಡೆ ಪಂಚಮಿಗೆ ಅಕ್ಕ-ತಂಗಿಯರನ್ನು ತವರಿಗೆ ಕರೆತರುತ್ತೇವೆ. ಉಂಡಿ ಕಟ್ಟುತ್ತೇವೆ, ಜೋಕಾಲಿ ಹಾಕುತ್ತೇವೆ, ಉಡಿ ತುಂಬಿ ಕಳಿಸುತ್ತೇವೆ. ಕಳಿಸುವ ಮೊದಲು ಎಷ್ಟೋ ಮನೆಯವರು ಅವರನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೂ ಕರೆದುಕೊಂಡು ಹೋಗುತ್ತಾರೆ. ನಾನೂ ಹೋಗಿದ್ದೇನೆ. ಅದರ ಬಗ್ಗೆಯೇ ಈ ಪತ್ರ. ಓದುಗರ ಪತ್ರ ಚಿಕ್ಕದಿರಬೇಕು ಅಂತ ಗೊತ್ತು, ಆದರೆ ಇದು ಉದ್ದ ಆಗುತ್ತದೆ. ದಯವಿಟ್ಟು ಪೂರ್ತಿ ಹಾಕಿ, ಬೇಕಾದರೆ ಎರಡು ದಿನ ಮಾಡಿ ಹಾಕಿ.

ನಾನು ಗದಗ ತಾಲ್ಲೂಕಿನ ರೈತ. ಎಂಟು ಎಕರೆ ಎರೆಹೊಲ, ಅಜ್ಜನ ಕಾಲದ್ದು. ಅಪ್ಪ 2014ರಲ್ಲಿ ತೀರಿಕೊಂಡರು. ಅವ್ವ ಇದ್ದಾಳೆ. ನನಗೊಬ್ಬಳು ಅಕ್ಕ, ಒಬ್ಬ ತಮ್ಮ, ಎಲ್ಲರಿಗಿಂತ ಸಣ್ಣವಳು ತಂಗಿ. 2016ರಲ್ಲಿ ಬೋರ್ ಹಾಕಿಸಲು ಸಾಲ ಬೇಕಾಗಿತ್ತು. ಊರಾಗಿನ ಹಿರಿಯರು, ಬಾಂಡ್ ಬರೆಯುವವರು, ಗೆಳೆಯರು, ಎಲ್ಲರೂ ಒಂದೇ ಮಾತು ಹೇಳಿದರು: ಮೊದಲು ಹೆಣ್ಣುಮಕ್ಕಳ ಕಡೆಯಿಂದ ಹಕ್ಕು ಬಿಡುಗಡೆ ಪತ್ರ, ಅಂದರೆ ಆಸ್ತಿಯಲ್ಲಿ ನಮಗೆ ಪಾಲು ಬೇಡ ಅನ್ನುವ ಪತ್ರ, ಮಾಡಿಸಿಕೋ, ಆಮೇಲೆ ನಿನಗೆ ಯಾವ ಕಿರಿಕಿರಿಯೂ ಇಲ್ಲ. ನಾನೂ ಹೌದಲ್ಲ ಅಂದುಕೊಂಡೆ. ಇದರಲ್ಲಿ ತಪ್ಪೇನಾದರೂ ಇದೆ ಅಂತ ಆಗ ನನಗೆ ಅನ್ನಿಸಲೇ ಇಲ್ಲ.

ಪಂಚಮಿ ಮುಗಿದ ಮೂರನೇ ದಿನ ಇಬ್ಬರನ್ನೂ ಕರೆದುಕೊಂಡು ಹೋದೆ. ಕಚೇರಿ ಹೊರಗಿನ ಗಿಡದ ಕೆಳಗೆ ಪತ್ರ ತಯಾರಾಗಿತ್ತು. ಅಕ್ಕ ಅದನ್ನು ಕೈಯಲ್ಲಿ ಹಿಡಿದು, ದೂರ ಹಿಡಿದು, ಮತ್ತೆ ಹತ್ತಿರ ತಂದು, 'ಚಸ್ಮಾ ಮನಿಯಾಗ ಬಿಟ್ಟ ಬಂದೇನಿ, ಏನೈತಿ ಇದ್ರಾಗ?' ಅಂದಳು. ನಾನು ಏನಂದೆ ಗೊತ್ತಾ? 'ಸುಮ್ನ ಸಹಿ ಮಾಡಕ್ಕಾ, ಉತಾರಕ್ಕ (ಪಹಣಿಗೆ) ಬೇಕಾಗೈತಿ' ಅಂದೆ. ಸುಳ್ಳಲ್ಲ ಅದು, ಆದರೆ ಖರೆನೂ ಅಲ್ಲ. ತಂಗಿಯಂತೂ ಕೇಳಲೇ ಇಲ್ಲ. ಒಳಗೆ ಫೋಟೊ ತೆಗೆದರು, ಹೆಬ್ಬೆಟ್ಟು ತೆಗೆದುಕೊಂಡರು. ಅಲ್ಲಿ ಕೇಳಿದ್ದು ಒಂದೇ ಮಾತು, 'ಈ ಸಹಿ ನಿಮ್ದ ಏನ್ರೀ?' ಹೌದು ಅಂದರು. ಓದಿದಿರಾ, ತಿಳೀತಾ ಅಂತ ಯಾರೂ ಕೇಳಲಿಲ್ಲ. ನಾನೇ ಕೇಳಲಿಲ್ಲ, ಇನ್ನು ಬೇರೆಯವರು ಯಾಕೆ ಕೇಳುತ್ತಾರೆ. ಹೊರಗೆ ಬಂದು ಮೂವರೂ ಗಿರ್ಮಿಟ್, ಮಿರ್ಚಿ ತಿಂದೆವು. ಇಬ್ಬರಿಗೂ ಒಂದೊಂದು ಇಳಕಲ್ ಸೀರೆ ಕೊಡಿಸಿದೆ. ಪತ್ರದ ನಕಲು ಅವರಿಗೆ ಕೊಡಬೇಕು ಅಂತಲೂ ಹೊಳೆಯಲಿಲ್ಲ. ಅದು ನಮ್ಮ ಮನೆ ಟ್ರಂಕಿನೊಳಗೆ ಹೋಯಿತು.

ಐದು ವರ್ಷ ಯಾರೂ ಆ ವಿಷಯ ಎತ್ತಲಿಲ್ಲ.

2021ರಲ್ಲಿ ತಂಗಿಯ ಗಂಡ ತೀರಿಕೊಂಡ. ಹಾವೇರಿ ಜಿಲ್ಲೆಯ ಒಂದು ಊರು ಅವಳದು. ಮಗಳಿಗೆ ಆಗ ಹನ್ನೊಂದು ವರ್ಷ. ದಿನಕರ್ಮ ಮುಗಿದು ನಾವು ಊರಿಗೆ ಬಂದು ನಾಲ್ಕು ದಿನ ಆಗಿರಲಿಲ್ಲ, ರಾತ್ರಿ ಫೋನ್ ಮಾಡಿದಳು. ಧ್ವನಿ ಸಣ್ಣಗೆ, ಯಾರಿಗೋ ಕೇಳಬಾರದು ಅನ್ನುವ ಹಾಗೆ. 'ಯಣ್ಣಾ, ಇಲ್ಲೂ ಒಂದ್ ಕಾಗದ ತಂದಾರ. ಬ್ಯಾಂಕಿನ ರೊಕ್ಕ ತಗ್ಯಾಕ ಬೇಕಂತ. ಸಹಿ ಮಾಡ್ಲೇನು?'

ಇಲ್ಲೂ ಅಂದಳು. ಆ 'ಊ' ನನಗೆ ನಟ್ಟ ಹಾಗೆ ಅವಳಿಗೆ ನಟ್ಟಿರಲಿಕ್ಕಿಲ್ಲ. ಅವಳು ಸಹಜವಾಗಿಯೇ ಅಂದಿದ್ದಳು. ಕಾಗದ ತಂದರೆ ಸಹಿ ಮಾಡಬೇಕು ಅಂತ ಅವಳಿಗೆ ಕಲಿಸಿದವನು ನಾನೇ ಅಲ್ವಾ? ನಾನು 'ಬ್ಯಾಡ, ಮುಟ್ಟಬ್ಯಾಡ, ನಾ ಮುಂಜಾನೆ ಬರ್ತೇನಿ, ಮೊದ್ಲ ಅದರ ಫೋಟೊ ಹೊಡ್ದು ಕಳಸು' ಅಂದೆ. ಫೋಟೊ ಬಂತು. ಬ್ಯಾಂಕಿನ ರೊಕ್ಕದ ಮಾತು ಅದರಲ್ಲಿ ಒಂದು ಸಾಲೂ ಇರಲಿಲ್ಲ. ಅವಳ ಗಂಡ ತನ್ನ ದುಡಿಮೆಯಲ್ಲಿ ಕೊಂಡ ಜಾಗ ಮತ್ತು ಕಟ್ಟಿದ ಮನೆ, ಅದರಲ್ಲಿ ತನಗೂ ಮಗಳಿಗೂ ಏನೂ ಬೇಡ ಅಂತ ಬರೆದಿತ್ತು. ನಮ್ಮ ಟ್ರಂಕಿನಲ್ಲಿದ್ದ ಪತ್ರದ ಭಾಷೆಯೇ. 'ಯಾರ ಒತ್ತಾಯವಿಲ್ಲದೆ, ಸ್ವಸಂತೋಷದಿಂದ, ಓದಿ ತಿಳಿದು' ಅನ್ನುವ ಮಾತು ಎರಡರಲ್ಲೂ ಇತ್ತು.

ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವಳ ಮೈದುನಂದಿರ ಮೇಲೆ ಸಿಟ್ಟು ಬಂತು, ಆದರೆ ಆ ಸಿಟ್ಟು ಬಹಳ ಹೊತ್ತು ಅವರ ಮೇಲೆ ನಿಲ್ಲಲಿಲ್ಲ.

ಮರುದಿನ ಅವಳನ್ನು ಕರೆದುಕೊಂಡು ಅಲ್ಲಿನ ತಾಲ್ಲೂಕು ಕೋರ್ಟಿಗೆ ಹೋದೆ. ಕೋರ್ಟ್ ಆವರಣದಲ್ಲೇ ಕಾನೂನು ಸೇವಾ ಸಮಿತಿಯ ಕಚೇರಿ ಇರುತ್ತದೆ, ನಾನು ಅಷ್ಟು ದಿನ ಅದರ ಬೋರ್ಡು ನೋಡಿದ್ದರೂ ಓದಿರಲಿಲ್ಲ. ಇದನ್ನು ಎಲ್ಲರೂ ತಿಳಿದುಕೊಳ್ಳಬೇಕು ಅಂತ ಸ್ವಲ್ಪ ಬಿಡಿಸಿ ಬರೆಯುತ್ತೇನೆ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆ ಅಂತ ಇದೆ. ಅದರ ಪ್ರಕಾರ ಹೆಣ್ಣುಮಕ್ಕಳಿಗೆ ವಕೀಲರು ಪುಕ್ಕಟೆ ಸಿಗುತ್ತಾರೆ. ಬಡವರಿಗೆ ಮಾತ್ರ ಅಲ್ಲ, ಎಷ್ಟೇ ಆದಾಯ ಇರಲಿ, ಹೆಣ್ಣುಮಗಳು ಅಂದರೆ ಸಾಕು. ಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಅಂಗವಿಕಲರಿಗೂ ಹಾಗೆಯೇ. ಉಳಿದವರಿಗೆ ಆದಾಯದ ಮಿತಿ ಇದೆ. ತಂಗಿ ಒಂದು ಬಿಳಿ ಹಾಳೆಯಲ್ಲಿ ತನ್ನ ಕೈಯಿಂದಲೇ ಅರ್ಜಿ ಬರೆದಳು, ಆಧಾರ್ ನಕಲು ಹಚ್ಚಿದಳು. ಒಂದು ರೂಪಾಯಿ ಕೇಳಲಿಲ್ಲ. 15100 ಅಂತ ಒಂದು ಸಹಾಯವಾಣಿ ಇದೆ, ಕೋರ್ಟಿಗೆ ಹೋಗಲು ಆಗದವರು ಅದಕ್ಕೆ ಫೋನ್ ಮಾಡಬಹುದು. ಈ ನಂಬರ್ ಅನ್ನು ಗ್ಯಾಸ್ ಸಿಲಿಂಡರ್ ನಂಬರ್ ಬರೆದಿಡುವ ಹಾಗೆ ಅಡುಗೆಮನೆ ಗೋಡೆ ಮೇಲೆ ಬರೆದಿಡಿ ಅಂತ ನನ್ನ ವಿನಂತಿ.

ಅಲ್ಲಿ ಕೊಟ್ಟ ವಕೀಲರು ವಯಸ್ಸಿನಲ್ಲಿ ಸಣ್ಣವರು, ಹೆಣ್ಣುಮಗಳು. ನನ್ನನ್ನು ಹೊರಗೆ ಕೂರಲು ಹೇಳಿ ತಂಗಿಯ ಜೊತೆ ಒಬ್ಬರೇ ಅರ್ಧ ತಾಸು ಮಾತಾಡಿದರು. ಆಗ ನನಗೆ ಸ್ವಲ್ಪ ಬೇಸರವಾಯಿತು, ನಾನು ಅಣ್ಣ ಅಲ್ವಾ, ನನ್ನನ್ನು ಯಾಕೆ ಹೊರಗೆ ಕೂರಿಸಬೇಕು ಅಂತ. ಈಗ ಅನ್ನಿಸುತ್ತದೆ, ಅವರು ಮಾಡಿದ್ದು ಬರೋಬ್ಬರಿ. ಮನೆಯ ಗಂಡಸರು ಎದುರಿಗಿದ್ದರೆ ನಮ್ಮ ಹೆಣ್ಣುಮಕ್ಕಳು ತಮಗೆ ಏನು ಬೇಕು ಅಂತ ಬಾಯಿ ಬಿಡುವುದಿಲ್ಲ.

ಅವರು ಹೇಳಿದ್ದು ಇಷ್ಟು. ಗಂಡ ವಿಲ್ ಬರೆಯದೆ ತೀರಿಕೊಂಡರೆ, ಅವನು ಸ್ವಂತ ಗಳಿಸಿದ ಆಸ್ತಿ ಹೆಂಡತಿ, ಮಕ್ಕಳು ಮತ್ತು ಅವನ ತಾಯಿಗೆ ಸಮಪಾಲು. ಇಲ್ಲಿ ಹೆಂಡತಿ, ಒಬ್ಬಳು ಮಗಳು, ಅತ್ತೆ, ಹಾಗಾಗಿ ಮೂರು ಪಾಲು. ಮೈದುನಂದಿರಿಗೆ ಇದರಲ್ಲಿ ಪಾಲಿಲ್ಲ. ಇನ್ನು ಮಗಳ ಪಾಲನ್ನು ತಾಯಿಯೂ ಬಿಟ್ಟುಕೊಡಲು ಬರುವುದಿಲ್ಲ. ಹದಿನೆಂಟು ತುಂಬದ ಮಕ್ಕಳ ಹೆಸರಿನ ಜಾಗ-ಮನೆ ಮಾರಬೇಕು, ಬಿಡಬೇಕು ಅಂದರೆ ಮೊದಲು ಕೋರ್ಟಿನ ಅನುಮತಿ ಬೇಕು. ಅಂದರೆ ತಂಗಿ ಆ ಕಾಗದಕ್ಕೆ ಸಹಿ ಹಾಕಿದ್ದರೆ ಹನ್ನೊಂದು ವರ್ಷದ ಆ ಕೂಸಿನ ಪಾಲಿಗೂ ತೊಡಕು ಆಗುತ್ತಿತ್ತು.

ಬ್ಯಾಂಕಿನ ಠೇವಣಿಗೆ ಮೈದುನನ ಹೆಸರು ನಾಮಿನಿ ಇತ್ತು. 'ನಾಮಿನಿ ನಾ ಇದ್ದೇನಿ, ರೊಕ್ಕ ನಂದು' ಅಂತ ಅವನ ವಾದ. ಇದು ನಮ್ಮ ಕಡೆ ಎಲ್ಲರೂ ನಂಬಿದ ಮಾತು, ನಾನೂ ನಂಬಿದ್ದೆ. ಹಾಗಲ್ಲವಂತೆ. ಬ್ಯಾಂಕ್ ಠೇವಣಿಗೆ ನಾಮಿನಿ ಅಂದರೆ ರೊಕ್ಕ ಕೈಗೆ ತೆಗೆದುಕೊಳ್ಳುವವನು ಅಷ್ಟೇ, ಅದನ್ನು ವಾರಸುದಾರರಿಗೆ ಮುಟ್ಟಿಸಬೇಕು. ಮದುವೆ ಆಗುವ ಮೊದಲು ತಾಯಿ-ತಮ್ಮನ ಹೆಸರು ಕೊಟ್ಟು, ಮದುವೆ ಆದ ಮೇಲೆ ಬದಲಿಸದೆ ಹಾಗೇ ಬಿಟ್ಟವರು ಎಷ್ಟು ಜನ ಇದ್ದೀರಿ ನೋಡಿಕೊಳ್ಳಿ. ಪಾಸ್‌ಬುಕ್ ತೆಗೆದು ಇವತ್ತೇ ನೋಡಿ.

ಜಗಳಕ್ಕೆ ಹೋಗಲಿಲ್ಲ ನಾವು. ಸಮಿತಿಯವರೇ ಎರಡೂ ಕಡೆಯವರನ್ನು ಕರೆಸಿದರು. ಮೊದಲ ಸಲ ಮೈದುನ ಬರಲಿಲ್ಲ. ಎರಡನೇ ಸಲ ಬಂದು ಕೂಗಾಡಿದ. ಮೂರನೇ ಸಲ ಅತ್ತೆ ಬಂದರು, ಎಪ್ಪತ್ತರ ಹತ್ತಿರದ ಮುದುಕಿ. ಅವರಿಗೂ ತಮ್ಮದೇ ಒಂದು ಪಾಲು ಇದೆ ಅಂತ ಅಲ್ಲಿಯವರೆಗೆ ಗೊತ್ತಿರಲಿಲ್ಲ! ಗಂಡುಮಕ್ಕಳು ಅವರಿಂದಲೂ ಒಂದು ಸಹಿ ಮಾಡಿಸಿಕೊಳ್ಳುವವರಿದ್ದರು. 'ಹಂಗಾದ್ರ ನನ್ನ ಪಾಲು ನನ್ನ ಹೆಸರಿಗೇ ಇರ್ಲಿ, ಸೊಸಿದು ಸೊಸಿಗೆ, ಮೊಮ್ಮಗಳದು ಮೊಮ್ಮಗಳಿಗೆ' ಅಂದುಬಿಟ್ಟರು. ಅಲ್ಲಿಗೆ ಮುಗಿಯಿತು. ಮೂವರ ಹೆಸರೂ ದಾಖಲಾಯಿತು. ಅತ್ತೆ-ಸೊಸೆ ಈಗಲೂ ಅದೇ ಮನೆಯಲ್ಲಿ ಕೂಡಿ ಇದ್ದಾರೆ. ಕೋರ್ಟಿನಲ್ಲಿ ಕೇಸು ನಡೆಯುತ್ತಿರುವವರೂ ಹೀಗೆ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಳ್ಳಬಹುದು, ಕಟ್ಟಿದ ಕೋರ್ಟ್ ಫೀ ವಾಪಸ್ ಬರುತ್ತದೆ. ಅಲ್ಲಿ ಆದ ತೀರ್ಮಾನ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಅಪೀಲು ಇಲ್ಲ. ಅಪೀಲು ಇಲ್ಲ ಅಂದ ಮೇಲೆ ಅಲ್ಲಿಯೂ ಸಹಿ ಹಾಕುವ ಮೊದಲು ನೂರು ಸಲ ಕೇಳಿ.

ಇಷ್ಟೆಲ್ಲ ಆದ ಮೇಲೆ ನಾನು ಸುಮ್ನೆ ಇರಬಹುದಿತ್ತು. ತಂಗಿಗೆ ನ್ಯಾಯ ಕೊಡಿಸಿದ ಅಣ್ಣ ಅಂತ ಊರಲ್ಲಿ ಹೆಸರೂ ಬಂದಿತ್ತು. ಆದರೆ ವಾಪಸ್ ಬರುವಾಗ ಬಸ್ಸಿನಲ್ಲಿ ಆ ವಕೀಲರ ಮಾತು ತಲೆಯಲ್ಲಿ ತಿರುಗುತ್ತಿತ್ತು. ಅವರು ತಂಗಿಗೆ ಕೇಳಿದ್ದರಂತೆ, 'ತವರಿನ ಕಡೆ ನಿಮ್ಮ ಪಾಲು ಏನಾಗಿದೆ?' ತಂಗಿ, 'ಅದು ಅಣ್ಣ ನೋಡ್ಕೋತಾನ್ರೀ' ಅಂದಿದ್ದಳಂತೆ.

ಆಮೇಲೆ ನಾನೇ ಗದಗಿನಲ್ಲಿ ಕೇಳಿ ತಿಳಿದುಕೊಂಡೆ. ಹೆಣ್ಣುಮಕ್ಕಳ ಪಾಲಿನ ಬಗ್ಗೆ ನಮ್ಮ ಕಟ್ಟೆ ಮೇಲೆ ಓಡಾಡುವ ಮಾತುಗಳಲ್ಲಿ ಅರ್ಧಕ್ಕರ್ಧ ತಪ್ಪು. ಎಲ್ಲಕ್ಕಿಂತ ದೊಡ್ಡ ತಪ್ಪು 1994ರದ್ದು. '94ಕ್ಕಿಂತ ಮೊದಲು ಲಗ್ನ ಆದವರಿಗೆ ಪಾಲಿಲ್ಲ' ಅಂತ ಇವತ್ತಿಗೂ ಬಾಂಡ್ ಬರೆಯುವವರು ಹೇಳುತ್ತಾರೆ. ಅದು ಸುಮ್ನೆ ಹುಟ್ಟಿದ ಮಾತಲ್ಲ. ಕರ್ನಾಟಕದಲ್ಲಿ 1994ರ ಜುಲೈ 30ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಹಾಗೆಯೇ ಇತ್ತು, ಅದಕ್ಕಿಂತ ಮೊದಲು ಮದುವೆ ಆದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಇರಲಿಲ್ಲ. ಆದರೆ 2005ರಲ್ಲಿ ಕೇಂದ್ರ ಸರ್ಕಾರ ಹಿಂದೂ ಉತ್ತರಾಧಿಕಾರ ಕಾಯ್ದೆಗೇ ತಿದ್ದುಪಡಿ ತಂದಿತು. ಆ ವರ್ಷ ಸೆಪ್ಟೆಂಬರ್ 9ರಿಂದ ಮಗಳಿಗೂ ಮಗನಷ್ಟೇ ಹಕ್ಕು, ಹುಟ್ಟಿನಿಂದಲೇ. ಮದುವೆ ಯಾವಾಗ ಆಯಿತು ಅನ್ನುವ ಪ್ರಶ್ನೆಯೇ ಇಲ್ಲ. ನಮ್ಮ ಅಕ್ಕನ ಲಗ್ನ ಆದದ್ದು 1993ರಲ್ಲಿ. ಅವಳಿಗೆ ಪಾಲೇ ಇಲ್ಲ, ಸುಮ್ನೆ ಮುಂಜಾಗ್ರತೆಗೆ ಸಹಿ ಅಂತಲೇ ನನಗೆ ಹೇಳಿದ್ದರು.

ಇನ್ನೊಂದು ಮಾತು, '2005ರಲ್ಲಿ ಅಪ್ಪ ಜೀವಂತ ಇದ್ದರೆ ಮಾತ್ರ ಪಾಲು' ಅನ್ನುವುದು. ಅದಕ್ಕೂ 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ವಿನೀತಾ ಶರ್ಮಾ ಪ್ರಕರಣದಲ್ಲಿ ಉತ್ತರ ಕೊಟ್ಟಿದೆ. ಹಕ್ಕು ಹುಟ್ಟಿನಿಂದ ಬಂದದ್ದು, ಅಪ್ಪ ಅಂದು ಇದ್ದರೋ ಇಲ್ಲವೋ ಅನ್ನುವುದು ಮುಖ್ಯ ಅಲ್ಲ ಅಂತ. ಹಾಗಂತ ಹಳೆಯದೆಲ್ಲ ಕೆದಕಬಹುದು ಅಂತಲೂ ಅಲ್ಲ, ಇದನ್ನೂ ಹೇಳಬೇಕು. 2004ರ ಡಿಸೆಂಬರ್ 20ಕ್ಕಿಂತ ಮೊದಲು ನೋಂದಣಿ ಆದ ವಾಟ್ನಿಪತ್ರ (ವಿಭಾಗ ಪತ್ರ) ಇದ್ದರೆ, ಮಾರಾಟ ಆಗಿದ್ದರೆ, ಅದು ಹಾಗೇ ನಿಲ್ಲುತ್ತದೆ. ಆದರೆ 'ಹಿರಿಯರ ಮುಂದ ಬಾಯಿಮಾತಿನ್ಯಾಗ ವಾಟ್ನಿ ಆಗೈತಿ' ಅಂತ ಈಗ ಎದ್ದು ಹೇಳಿದರೆ ಕೋರ್ಟು ಸುಲಭಕ್ಕೆ ಒಪ್ಪುವುದಿಲ್ಲ, ಆ ಕಾಲದ ಸರ್ಕಾರಿ ದಾಖಲೆಯ ಆಧಾರ ಬೇಕು.

'ನಾವು ಲಿಂಗಾಯತರು, ನಮಗೆ ಇದು ಬರೂದಿಲ್ಲ' ಅಂತ ಒಬ್ಬರು ನನಗೆ ವಾದ ಮಾಡಿದರು. ಹಿಂದೂ ಉತ್ತರಾಧಿಕಾರ ಕಾಯ್ದೆಯ ಎರಡನೇ ಕಲಮಿನಲ್ಲಿಯೇ ವೀರಶೈವ, ಲಿಂಗಾಯತ ಅಂತ ಹೆಸರು ಹಿಡಿದು ಬರೆದಿದೆ. ಜೈನರು, ಬೌದ್ಧರು, ಸಿಖ್ಖರಿಗೂ ಅದೇ ಕಾಯ್ದೆ. ಮುಸ್ಲಿಮರಲ್ಲಿ ಅವರ ವೈಯಕ್ತಿಕ ಕಾನೂನಿನ ಪ್ರಕಾರ ಮಗನ ಪಾಲಿನ ಅರ್ಧ ಮಗಳಿಗೆ. ಕ್ರೈಸ್ತರಲ್ಲಿ ಮಗ-ಮಗಳು ಇಬ್ಬರಿಗೂ ಸಮ.

ಉತಾರದ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ನಮ್ಮ ರೈತರಿಗೆ ಉತಾರ ಅಂದರೆ ದೇವರು. ಉತಾರದಲ್ಲಿ ಹೆಸರಿಲ್ಲ, ಅದಕ್ಕೇ ಹಕ್ಕಿಲ್ಲ ಅಂತ ತಿಳಿದುಕೊಂಡಿದ್ದೇವೆ. ಉತಾರ ಕಂದಾಯದ ಸಲುವಾಗಿ ಇಟ್ಟ ದಾಖಲೆ. ಅದರಲ್ಲಿ ಹೆಸರು ಬಂದ ಮಾತ್ರಕ್ಕೆ ಪೂರ್ತಿ ಮಾಲೀಕ ಆಗುವುದಿಲ್ಲ, ಬಿಟ್ಟುಹೋದ ಮಾತ್ರಕ್ಕೆ ಪಾಲು ಕಳೆದುಹೋಗುವುದಿಲ್ಲ. ಆದರೂ ವಾರಸಾ ಹಚ್ಚುವಾಗಲೇ, ಅಂದರೆ ತೀರಿಕೊಂಡವರ ಬದಲು ವಾರಸುದಾರರ ಹೆಸರು ಬರೆಸುವಾಗಲೇ, ಎಲ್ಲರ ಹೆಸರು ಬರಬೇಕು. ವಂಶಾವಳಿ ಬರೆಸುವಾಗ ಬರೀ ಗಂಡುಮಕ್ಕಳ ಹೆಸರು ಬರೆಸಿ ಹೆಣ್ಣುಮಕ್ಕಳು ಹುಟ್ಟೇ ಇಲ್ಲ ಅನ್ನುವ ಹಾಗೆ ಅಫಿಡವಿಟ್ ಕೊಡುವವರಿದ್ದಾರೆ. ಇದು ಅಪರಾಧ. ಅಪರಾಧ ಅನ್ನುವುದಕ್ಕಿಂತ ನನಗೆ ಜಾಸ್ತಿ ಕೆಟ್ಟದ್ದು ಅನ್ನಿಸುವುದು ಬೇರೆ. ಒಂದೇ ತಾಟಿನಲ್ಲಿ ಉಂಡ ತಂಗಿಯನ್ನು ಕಾಗದದ ಮೇಲೆ ಇಲ್ಲ ಅಂತ ಬರೆಸಲು ಕೈ ಹೇಗೆ ಬರುತ್ತದೆ?

'ಅವರ ಲಗ್ನಕ್ಕ ಖರ್ಚು ಮಾಡೀವಿ, ಬಂಗಾರ ಹಾಕೀವಿ, ಅದ ಅವರ ಪಾಲು' ಅನ್ನುವವರಿಗೆ ನನ್ನದೊಂದು ಪ್ರಶ್ನೆ. ನನ್ನ ಲಗ್ನಕ್ಕೂ ಅಪ್ಪ ಸಾಲ ಮಾಡಿದ್ದರು, ಊರಿಗೆಲ್ಲ ಊಟ ಹಾಕಿಸಿದ್ದರು. ತಮ್ಮನನ್ನು ಧಾರವಾಡದಲ್ಲಿ ರೂಮು ಮಾಡಿ ಓದಿಸಿದರು. ನಮ್ಮಿಬ್ಬರ ಪಾಲಿನಲ್ಲಿ ಯಾರಾದರೂ ಅದನ್ನು ಕಳೆದರಾ? ಇಲ್ಲ. ಕಾನೂನಿನಲ್ಲೂ ಮದುವೆ ಖರ್ಚು ತೋರಿಸಿ ಮಗಳ ಪಾಲು ಇಲ್ಲ ಅನ್ನಲು ಬರುವುದಿಲ್ಲ.

ಕಾನೂನು ಹೆಣ್ಣುಮಕ್ಕಳ ಕಡೆಗೆ ಮಾತ್ರ ಇದೆ ಅಂತ ಯಾರೂ ತಿಳಿಯಬಾರದು. ಪಾಲಿನ ಜೊತೆ ಮನೆತನದ ಸಾಲದ ಹೊಣೆಯೂ ಬರುತ್ತದೆ. ಅಪ್ಪ ತಾನೇ ದುಡಿದು ಗಳಿಸಿದ ಆಸ್ತಿಯನ್ನು ವಿಲ್ ಬರೆದು ಯಾರಿಗಾದರೂ ಕೊಡಬಹುದು, ಮಗನಿಗೂ ಇಲ್ಲ ಅನ್ನಬಹುದು, ಮಗಳಿಗೂ ಇಲ್ಲ ಅನ್ನಬಹುದು. ವಿಲ್‌ಗೆ ಛಾಪಾ ಕಾಗದ ಬೇಕಿಲ್ಲ, ನೋಂದಣಿ ಕಡ್ಡಾಯ ಅಲ್ಲ, ಆದರೆ ಇಬ್ಬರು ಸಾಕ್ಷಿ ಬೇಕೇ ಬೇಕು. ಮತ್ತೆ ಅಕ್ಕ-ತಂಗಿಯರು ತಿಳಿದು, ಮನಸ್ಸಿನಿಂದ ಪಾಲು ಬಿಟ್ಟುಕೊಟ್ಟರೆ ಅದು ಅವರ ಇಷ್ಟ, ಅದನ್ನು ಯಾರೂ ಬೇಡ ಅನ್ನುವುದಿಲ್ಲ. ತಿಳಿದು ಅನ್ನುವುದೊಂದೇ ನನ್ನ ತಕರಾರು.

ಈಗಾಗಲೇ ಸಹಿ ಹಾಕಿದವರು ಏನು ಮಾಡಬೇಕು ಅಂತ ಕೇಳುತ್ತೀರಿ. ಮೊದಲು ಆ ಪತ್ರದ ನಕಲು ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ತೆಗೆಸಿ, ಅದರಲ್ಲಿ ಏನು ಬರೆದಿದೆ ಅಂತ ಯಾರಿಂದಾದರೂ ಓದಿಸಿ. ನೋಂದಣಿ ಆಗದ ಬರೀ ಬಾಂಡ್ ಪೇಪರಿನ ಮೇಲೆ ಬರೆಸಿಕೊಂಡಿದ್ದರೆ ಅದರಿಂದ ಹೊಲ-ಮನೆಯ ಹಕ್ಕು ಹೋಗುವುದಿಲ್ಲ. ನೋಂದಣಿ ಆಗಿದ್ದು, ಮೋಸದಿಂದಲೋ ಒತ್ತಾಯದಿಂದಲೋ ಸಹಿ ಮಾಡಿಸಿದ್ದರೆ, ಆ ಮೋಸ ಗೊತ್ತಾದ ದಿನದಿಂದ 3 ವರ್ಷದೊಳಗೆ ಕೋರ್ಟಿಗೆ ಹೋಗಬೇಕು. ಪತ್ರವೇ ಆಗಿಲ್ಲ, ಪಾಲು ಕೊಡುವುದಿಲ್ಲ ಅಂತ ಬಾಯಿಮಾತಿನಲ್ಲಿ ಹೊರಗಿಟ್ಟಿದ್ದರೆ, ಹಾಗೆ ಹೊರಗಿಟ್ಟದ್ದು ಗೊತ್ತಾದ ದಿನದಿಂದ 12 ವರ್ಷ. 'ಇನ್ನೊಂದ್ ಪಂಚಮಿ ಹೋಗ್ಲಿ, ಆಮ್ಯಾಲ ಕೇಳೂಣು' ಅಂತ ಕುಳಿತವರ ದಾವೆಯ ಅವಧಿಯೇ ಮುಗಿದುಹೋಗುತ್ತದೆ.

ಮುದುಕರ ವಿಷಯ ಬಿಡಲು ಮನಸ್ಸು ಬರುತ್ತಿಲ್ಲ. ನಮ್ಮ ಓಣಿಯ ಒಬ್ಬ ಅಜ್ಜ ಮನೆಯನ್ನು ಮಗನ ಹೆಸರಿಗೆ ಬಕ್ಷೀಸ್ ಪತ್ರ (ದಾನಪತ್ರ) ಮಾಡಿಕೊಟ್ಟ. ಎರಡು ವರ್ಷಕ್ಕೆ ಮಠದ ದಾಸೋಹಕ್ಕೆ ಹೋಗಿ ಉಣ್ಣುವ ಹಾಗಾಯಿತು. ಮಧ್ಯಾಹ್ನ ಹನ್ನೆರಡಕ್ಕೇ ತಾಟು-ವಾಟಿ ಒಂದು ಚೀಲದಲ್ಲಿ ಹಾಕಿಕೊಂಡು ಹೊರಡುತ್ತಿದ್ದ, ಮಕ್ಕಳ ಮರ್ಯಾದೆಗೆ ಊರಿನ ಹಿಂದಿನ ದಾರಿ ಹಿಡಿದು. 2007ರ ಹಿರಿಯ ನಾಗರಿಕರ ಕಾಯ್ದೆ ಅಂತ ಇದೆ, ಉಪವಿಭಾಗಾಧಿಕಾರಿಗಳ ಹತ್ತಿರ ಅರ್ಜಿ ಕೊಟ್ಟರೆ ಮಕ್ಕಳಿಂದ ತಿಂಗಳಿಗೆ ಹತ್ತು ಸಾವಿರದವರೆಗೆ ಜೀವನಾಂಶ ಕೊಡಿಸಬಹುದು. ಅದರ 23ನೇ ಕಲಮು ಎಲ್ಲ ತಂದೆ-ತಾಯಿಗೂ ಗೊತ್ತಿರಬೇಕು. ನನ್ನನ್ನು ನೋಡಿಕೊಳ್ಳಬೇಕು, ಊಟ-ಔಷಧಿ ಕೊಡಬೇಕು ಅನ್ನುವ ಷರತ್ತು ಹಾಕಿ ಆಸ್ತಿ ಕೊಟ್ಟು, ಮಗ ನೋಡಿಕೊಳ್ಳದಿದ್ದರೆ ಆ ಪತ್ರವನ್ನೇ ರದ್ದು ಮಾಡಿಸಬಹುದು. ಹಾಗಾಗಿ ಬಕ್ಷೀಸ್ ಪತ್ರ ಬರೆಸುವಾಗ ಆ ಒಂದು ಸಾಲು ಸೇರಿಸಿ ಅಂತ ಗಟ್ಟಿಯಾಗಿ ಹೇಳಿ. 'ಮಗನ ಮ್ಯಾಲೆ ನಂಬಿಕಿ ಇಲ್ಲೇನು' ಅಂತ ಯಾರಾದರೂ ಅಂದರೆ, ನಂಬಿಕೆ ಇದೆ, ಅದಕ್ಕೇ ಬರೀರಿ ಅನ್ನಿ. ಹಿರಿಯರ ಸಹಾಯವಾಣಿ 14567.

ಗಂಡನ ಮನೆಯಲ್ಲಿ ಹೊಡೆತ-ಬಡಿತ, ಮನೆಯಿಂದ ಹೊರಗೆ ಹಾಕುವುದು, ಇದಕ್ಕೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಇದೆ. ಮನೆ ಗಂಡನ ಹೆಸರಲ್ಲಿರಲಿ, ಅತ್ತೆ-ಮಾವನ ಹೆಸರಲ್ಲಿರಲಿ, ಅವಳು ಸಂಸಾರ ಮಾಡಿದ ಮನೆಯಿಂದ ಅವಳನ್ನು ಕಾನೂನು ಬಿಟ್ಟು ಹೊರಗೆ ಹಾಕಲು ಬರುವುದಿಲ್ಲ. ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಹೋದರೆ ಅರ್ಜಿ ತಯಾರಿಸಲು ಸಹಾಯ ಮಾಡುತ್ತಾರೆ. 181ಕ್ಕೂ ಫೋನ್ ಮಾಡಬಹುದು. ಇದರ ಬಗ್ಗೆ ನನಗಿಂತ ಚೆನ್ನಾಗಿ ಬರೆಯುವವರು ಇದ್ದಾರೆ, ಅವರು ಬರೆಯಲಿ.

ಕಾನೂನು ಕೇಳುವುದು ಅಂದರೆ ಜಗಳ ತೆಗೆಯುವುದು ಅಂತ ನಮ್ಮ ತಲೆಯಲ್ಲಿ ಕುಳಿತುಬಿಟ್ಟಿದೆ. ಕೋರ್ಟಿನ ಮೆಟ್ಟಿಲು ಹತ್ತಿದ ಮನೆತನ ಅಂತ ಹೆಣ್ಣು ಕೊಡುವವರೂ ಹಿಂದೆ ಮುಂದೆ ನೋಡುತ್ತಾರೆ. ತವರು ಕಡಿದುಹೋಗುತ್ತದೆ ಅನ್ನುವ ಹೆದರಿಕೆಗೆ ನಮ್ಮ ಹೆಣ್ಣುಮಕ್ಕಳು ಬಾಯಿ ಮುಚ್ಚಿಕೊಂಡು ಇರುತ್ತಾರೆ, ಆ ಹೆದರಿಕೆಯನ್ನು ನಾವು ಗಂಡುಮಕ್ಕಳು ಚೆನ್ನಾಗಿ ಬಳಸಿಕೊಳ್ಳುತ್ತೇವೆ. ಒಂದು ಸಹಿಗೋಸ್ಕರ ಕಡಿದುಹೋಗುವಂಥ ತವರು ಇದ್ದರೆ, ಅದನ್ನು ಕಡಿಯುವವರು ನಾವೇ ಹೊರತು ಅವರಲ್ಲ. ಧಾರವಾಡಕ್ಕೆ 2008ರಲ್ಲಿ ಹೈಕೋರ್ಟ್ ಪೀಠ ಬಂತು, ಅದಕ್ಕಾಗಿ ಈ ಭಾಗದ ಜನ, ವಕೀಲರು ಎಷ್ಟು ವರ್ಷ ಹೋರಾಡಿದರು. ಮೊದಲು ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಬೇಕಿತ್ತು. ಹುಬ್ಬಳ್ಳಿಯ ನವನಗರದಲ್ಲಿ ರಾಜ್ಯದ ಕಾನೂನು ವಿಶ್ವವಿದ್ಯಾಲಯವೇ ಇದೆ. ಇಷ್ಟು ಹತ್ತಿರ ಇದ್ದೂ ನಮ್ಮ ಅಕ್ಕ ತನ್ನ ಪಾಲಿನ ಬಗ್ಗೆ ತಿಳಿದುಕೊಂಡದ್ದು ಐವತ್ತು ದಾಟಿದ ಮೇಲೆ, ಅದೂ ತಂಗಿಯ ಗಂಡ ತೀರಿಕೊಂಡ ಕಾರಣಕ್ಕೆ.

ಅದಕ್ಕೆ ನಿಮ್ಮಲ್ಲಿ ಎರಡು ಬೇಡಿಕೆ. ವಾರಕ್ಕೊಮ್ಮೆ ನಿಮ್ಮ ಪತ್ರಿಕೆಯಲ್ಲಿ ಕಾನೂನಿನ ಪ್ರಶ್ನೆ-ಉತ್ತರಕ್ಕೆ ಅರ್ಧ ಪುಟ ಕೊಡಿ, ದೊಡ್ಡ ದೊಡ್ಡ ಕೇಸು ಬೇಡ, ವಾರಸಾ, ನಾಮಿನಿ, ಬಕ್ಷೀಸ್ ಪತ್ರ, ಜೀವನಾಂಶ, ಇಂಥ ಮನೆಯ ಮಾತು. ಎರಡನೆಯದು ಸರ್ಕಾರಕ್ಕೆ ಮುಟ್ಟಿಸಿ: ಹಕ್ಕು ಬಿಡುಗಡೆ ಪತ್ರ ನೋಂದಣಿ ಮಾಡುವ ಮೊದಲು ಆ ಹೆಣ್ಣುಮಗಳನ್ನು ಒಬ್ಬಳನ್ನೇ ಕೂರಿಸಿ, ಪತ್ರ ಪೂರ್ತಿ ಓದಿ ಹೇಳಿ, ನಿಮ್ಮ ಪಾಲು ಇಷ್ಟು, ಇದನ್ನು ಬಿಡುತ್ತಿದ್ದೀರಿ, ಗೊತ್ತಾ ಅಂತ ಕೇಳಬೇಕು. ಹತ್ತು ನಿಮಿಷದ ಕೆಲಸ. ಒಂದು ನಕಲು ಅವರ ಕೈಗೆ ಕಡ್ಡಾಯವಾಗಿ ಕೊಡಬೇಕು.

ನಮ್ಮ ಮನೆಯ ವಿಷಯ ಅರ್ಧಕ್ಕೆ ಬಿಟ್ಟೆ. ತಮ್ಮ ಇನ್ನೂ ಒಪ್ಪಿಲ್ಲ. ಅವನ ಜೊತೆ ಮಾತು ನಡೆದಿದೆ, ಒಮ್ಮೊಮ್ಮೆ ಮಾತು ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ. ನನ್ನ ಪಾಲಿಗೆ ಬಂದ ನಾಲ್ಕು ಎಕರೆಯಲ್ಲಿ ಅಕ್ಕನಿಗೊಂದು ಎಕರೆ, ತಂಗಿಗೊಂದು ಎಕರೆ ದಾನಪತ್ರ ಮಾಡಿಕೊಟ್ಟೆ. ಒಡಹುಟ್ಟಿದವರಿಗೆ ಕೊಡುವ ದಾನಪತ್ರಕ್ಕೆ ಮುದ್ರಾಂಕ ಶುಲ್ಕ ಖರೀದಿ ಪತ್ರಕ್ಕಿಂತ ಬಹಳ ಕಡಿಮೆ. ಹೆಂಡತಿ ಮೊದಲು ಎರಡು ದಿನ ಮಾತು ಬಿಟ್ಟಿದ್ದಳು, ಆಮೇಲೆ ಒಂದು ಸಂಜೆ ತನ್ನ ತವರಿನ ಉತಾರ ಹೇಗೆ ತೆಗೆಸಬೇಕು ಅಂತ ನನ್ನನ್ನೇ ಕೇಳಿದಳು.

ಅದೇ ಕಚೇರಿ, ಹೊರಗೆ ಅದೇ ಗಿಡ. ಈ ಸಲ ಅಕ್ಕ ಚೀಲದಿಂದ ಚಸ್ಮಾ ತೆಗೆದಳು. ಸೆರಗಿನಿಂದ ಒರೆಸಿ ಹಾಕಿಕೊಂಡು, ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ ಮೊದಲ ಪುಟದಿಂದ ಕೊನೆಯವರೆಗೆ ಓದಿದಳು. ಬರೆದವರು ಎರಡು ಸಲ ಗಡಿಯಾರ ನೋಡಿದರು. ನಾವು ಕಾದೆವು. ಹೊಲದ ನಾಲ್ಕೂ ಕಡೆಯ ಗಡಿ ಬರೆದ ಚಕ್ಕುಬಂದಿ ಸಾಲಿಗೆ ಬಂದು ಅವಳ ಬೆರಳು ನಿಂತಿತು.

'ಮೂಡಲಕ್ಕ ಹಳ್ಳ ಐತ್ರೀ, ನೀವು ಪಡುವಲಕ್ಕ ಬರದೀರಿ.'

ಹೌದು, ತಪ್ಪಾಗಿತ್ತು. ಆ ಪುಟ ಹೊಸದಾಗಿ ಟೈಪ್ ಮಾಡಿಸಿ ತಂದ ಮೇಲೆ ಸಹಿ ಆಯಿತು.

ಇಂತಿ,
ನಿಮ್ಮ ಪತ್ರಿಕೆಯ ಹಳೆಯ ಓದುಗ, ಗದಗ ತಾಲ್ಲೂಕು
(ಅಕ್ಕ-ತಂಗಿಯರ ಮನೆಯವರಿಗೆ ತೊಂದರೆ ಆಗಬಾರದು, ದಯವಿಟ್ಟು ಹೆಸರು ಹಾಕಬೇಡಿ.)